ಮಕ್ಕಳ ‘ಇನ್‌ಕ್ಲಿನೇಶನ್’ ಅನ್ನೋ ಕಾಲಂಗೆ ಕನ್ನಡದಲ್ಲಿ ಏನು ಬರೆಯೋಣ?

ಪ್ರೌಢಶಾಲೆ ಶಿಕ್ಷಕಿ, ಕೊಪ್ಪಳ

ಹತ್ತನೇ ತರಗತಿ ಮಕ್ಕಳ ಮುಂದಿನ ಓದಿನ ಬಗ್ಗೆ ಪಾಲಕರ ಜೊತೆ ಕೂತು ಮಾತಾಡಲಿಕ್ಕೆ ಒಂದು ನಮೂನೆ ತಯಾರು ಮಾಡ್ತಿದ್ದೀವಿ. ಮೂಲ ಇಂಗ್ಲಿಷಿನಲ್ಲಿದೆ. ಮೂರು ಕಾಲಂ ಅಕ್ಕಪಕ್ಕ ಇವೆ: ಇಂಟರೆಸ್ಟ್, ಆಪ್ಟಿಟ್ಯೂಡ್, ಇನ್‌ಕ್ಲಿನೇಶನ್. ಮೊದಲನೆಯದು ಆಸಕ್ತಿ. ಎರಡನೆಯದಕ್ಕೆ ಬಿ.ಇಡಿ. ಪುಸ್ತಕಗಳಲ್ಲಿ ಅಭಿಕ್ಷಮತೆ ಅಂತಿದೆ, ಪಾಲಕರಿಗೆ ತಿಳಿಯಲಿ ಅಂತ ‘ಕೈಲಾಗುವ ಕೆಲಸ’ ಅಂತ ಹಾಕಿದ್ದೀವಿ. ಮೂರನೆಯದಕ್ಕೆ ಬಂದು ನಿಂತಿದ್ದೀವಿ. ನಿಘಂಟು ತೆಗೆದರೆ ಒಲವು, ಇಚ್ಛೆ, ಪ್ರವೃತ್ತಿ, ಬಾಗುವಿಕೆ, ಓರೆ, ಇಳಿಜಾರು ಎಲ್ಲ ಒಂದೇ ಸಾಲಿನಲ್ಲಿವೆ. ಇಳಿಜಾರಿಗೂ ಇಚ್ಛೆಗೂ ಏನು ಸಂಬಂಧ? ಆಸಕ್ತಿ ಅಂತಲೇ ಎರಡು ಸಲ ಬರೆದು ಮುಗಿಸಿ ಅಂತ ಕೆಲವರು ಹೇಳ್ತಾರೆ. ನನಗೆ ಅದು ಸರಿ ಕಾಣ್ತಿಲ್ಲ. ಗಂಗಾವತಿ ಕಡೆ ಭತ್ತದ ಗದ್ದೆಗೆ ಕೂಲಿಗೆ ಹೋಗುವ ತಾಯಂದಿರು ಈ ಕಾಗದ ಓದಿ ಸಹಿ ಮಾಡಬೇಕು. ಅವರ ಮಗುವಿನ ಬಗ್ಗೆ ನಾವು ಕೇಳ್ತಿರೋದು ಏನು ಅಂತ ಅವರಿಗೆ ತಿಳಿಯಬೇಕು.

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಬಳ್ಳಾರಿ

ಸಂಬಂಧ ಬಹಳ ಹತ್ತಿರದ್ದು. ಲ್ಯಾಟಿನ್ನಿನ ‘ಇನ್‌ಕ್ಲಿನಾರೆ’ ಎಂಬ ಕ್ರಿಯಾಪದಕ್ಕೆ ಒಂದು ಕಡೆಗೆ ಬಾಗಿಸು, ವಾಲಿಸು ಎಂದರ್ಥ. ಗೋಡೆ ವಾಲಿದರೂ ಅದೇ, ಮನಸ್ಸು ವಾಲಿದರೂ ಅದೇ. ಇದೇ ಬೇರಿನ ಗ್ರೀಕ್ ಕವಲಿನಿಂದ ಕ್ಲಿನಿಕ್ ಬಂತು. ಒರಗಿ ಮಲಗುವ ಹಾಸಿಗೆಗೆ ಗ್ರೀಕಿನಲ್ಲಿ ‘ಕ್ಲೀನೆ’ ಎನ್ನುತ್ತಿದ್ದರು. ಕ್ಲೈಮೇಟ್ ಕೂಡ ಅಲ್ಲಿಂದಲೇ ಬಂದದ್ದು. ಸಮಭಾಜಕದಿಂದ ಧ್ರುವದ ಕಡೆಗೆ ಭೂಮಿ ಇಳಿಜಾರಾಗಿದೆ ಎಂಬ ಕಲ್ಪನೆಯಿಂದ ಆ ಪದ ಹುಟ್ಟಿತು. ಇಂಗ್ಲಿಷರ ಸ್ವಂತ ‘ಲೀನ್’ ಪದಕ್ಕೂ ದೂರದ ಮೂಲ ಇದೇ.

ಬಳಕೆಯಲ್ಲಿ ಇನ್‌ಕ್ಲಿನೇಶನ್‌ಗೆ ನಾಲ್ಕು ಜಾಗ ಇವೆ. ಮನಸ್ಸಿನ ವಾಲುವಿಕೆ ಮೊದಲನೆಯದು. ನೂರಕ್ಕೆ ತೊಂಬತ್ತು ಸಲ ನೀವು ಓದುವುದು ಅದನ್ನೇ. ಒಂದು ವಸ್ತು ಎಷ್ಟು ಓರೆಯಾಗಿದೆ ಎಂಬ ಕೋನ ಎರಡನೆಯದು. ಮೂರನೆಯದು ತಲೆ ತುಸು ಬಾಗಿಸಿ ಒಪ್ಪಿಗೆಯನ್ನೋ ಗೌರವವನ್ನೋ ತೋರಿಸುವುದು. ಇದು ಹಳೆಯ ಕಾದಂಬರಿಗಳಲ್ಲಿ ಹೆಚ್ಚು. ನಾಲ್ಕನೆಯದು ಖಗೋಳದವರದು, ಕಾಂತಸೂಜಿಯವರದು. ಅದನ್ನು ವಿಜ್ಞಾನದ ಮೇಷ್ಟ್ರು ಯಾರಾದರೂ ಹೇಳಲಿ.

ನಿಮ್ಮ ನಮೂನೆಯ ಮೂರು ಕಾಲಂಗಳು ನಿಜವಾಗಿ ಬೇರೆ ಬೇರೆಯೇ. ಆಸಕ್ತಿ ಎಂದರೆ ನೋಡಿದಾಗ, ಕೇಳಿದಾಗ ಹುಟ್ಟುವ ಕುತೂಹಲ. ಆಪ್ಟಿಟ್ಯೂಡ್ ಎಂದರೆ ಕಲಿತರೆ ಬರುತ್ತದೆಯೇ ಎಂಬುದು. ಇನ್‌ಕ್ಲಿನೇಶನ್ ಎಂದರೆ ಯಾರೂ ತಳ್ಳದಿದ್ದರೂ ಮಗು ತಾನಾಗಿ ಎತ್ತ ಹೋಗುತ್ತದೆ ಎಂಬುದು. ಕ್ರಿಕೆಟ್ ನೋಡುವ ಆಸಕ್ತಿ ಇರುವ ಹುಡುಗನಿಗೆ ಆಡುವ ಇನ್‌ಕ್ಲಿನೇಶನ್ ಇಲ್ಲದೆ ಇರಬಹುದು. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯುವ ಹುಡುಗಿಗೆ ಎಂಜಿನಿಯರಿಂಗ್ ಕಡೆ ಮನಸ್ಸೇ ಇಲ್ಲದಿರಬಹುದು. ಹಾಗಾಗಿ ಮೂರನೇ ಕಾಲಂ ಉಳಿಸಿಕೊಳ್ಳಿ ಎಂದು ಬಲವಾಗಿ ಹೇಳುತ್ತೇನೆ.

ಕಟ್ಟಡ ಮೇಸ್ತ್ರಿ, ರಾಯಚೂರು

ಇಳಿಜಾರಿಗೂ ಮನಸಿಗೂ ಸಂಬಂಧ ಏನು ಅಂತ ಕೇಳೀರಿ. ನಮ್ಮ ಕೆಲಸದಾಗ ಒಂದು ಮಾತು ಐತ್ರಿ, ‘ವಾಟ’ ಅಂತ. ಮಾಳಿಗಿ ಮ್ಯಾಲ ನೀರು ನಿಂದರಬಾರದು ಅಂದ್ರ ಹರನಾಳಿಗಿ, ಅಂದ್ರ ನೀರು ಹೊರಗ ಬೀಳೋ ಕೊಳವಿ, ಕಡಿ ವಾಟ ಕೊಡಬೇಕು. ಹಿಂದೆಲ್ಲ ಸವಳು ಮಣ್ಣು ಹಾಕಿ ಮೇಲ್ಮುದ್ದಿ ಮಾಡೋವಾಗ ಹಿರೇರು ಕಣ್ಣಳತಿಲೇ ವಾಟ ನೋಡ್ತಿದ್ರು. ಈಗ ಆರ್‌ಸಿಸಿ ಆದರೂ ಮಾತು ಅದೇ. ನೂರು ಅಡಿಗೆ ಒಂದು ಅಡಿ ಇಳಿದರ ಸಾಕು, ನೀರು ತಾನ ಹೋಗತೈತಿ. ಕಣ್ಣಿಗೆ ಕಾಣಂಗಿಲ್ಲ ಆ ಓರೆ, ನೀರಿಗೆ ಗೊತ್ತಾಗತೈತಿ. ಬಚ್ಚಲಕ್ಕ ಅದಕ್ಕಿಂತ ಜಾಸ್ತಿ ಬೇಕು.

ಮನುಷ್ಯಾರಿಗೂ ಹಿಂಗ ಅಂತೀವಲ್ರಿ, ‘ಅವನ ವಾಟ ಆ ಕಡಿ ಐತಿ’ ಅಂತ.

ಬ್ಯಾಂಕ್ ಉದ್ಯೋಗಿ, ಬಳ್ಳಾರಿ

ಮೇಸ್ತ್ರಿಗಳ ಮಾತು ಓದಿ ಬಹಳ ಖುಷಿಯಾಯಿತು. ನಮ್ಮ ಮನೆಮಾತು ತೆಲುಗು. ತೆಲುಗಿನಲ್ಲಿ ‘ವಾಟಂ’ ಅಂದರೆ ಇಳಿಜಾರೂ ಹೌದು, ಒಬ್ಬರಿಗೆ ಸಹಜವಾಗಿ ಒಗ್ಗುವ ರೀತಿಯೂ ಹೌದು. ಎಡಗೈ ಬಳಸುವವರಿಗೆ ‘ಎಡಮ ಚೇತಿ ವಾಟಂ’ ಅಂತಲೇ ಹೇಳುತ್ತೇವೆ. ಅಂದರೆ ಆ ಕೈಯ ಕಡೆಗೆ ಅವರ ದೇಹದ ವಾಲುವಿಕೆ. ಇದನ್ನು ತಿದ್ದಬೇಕು ಅಂತ ಮಕ್ಕಳ ಕೈ ಮೇಲೆ ಹೊಡೆಯುತ್ತಿದ್ದ ಕಾಲ ಒಂದಿತ್ತು. ವಾಟಂ ಎಂಬ ಮಾತನ್ನು ಅರ್ಥ ಮಾಡಿಕೊಂಡವರು ಹೊಡೆಯುವುದಿಲ್ಲ.

ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವನು, ಸಿಂಧನೂರು

ಸರ್, ನಮಗೆ ಸಮಾನಾರ್ಥಕ ಪದದ ಪ್ರಶ್ನೆಗಳು ಬರುತ್ತವೆ. ಇನ್‌ಕ್ಲಿನೇಶನ್, ಟೆಂಡೆನ್ಸಿ, ಪ್ರೊಪೆನ್ಸಿಟಿ, ಪ್ರೊಕ್ಲಿವಿಟಿ, ಪೆಂಚಂಟ್, ಪ್ರಿಡಿಲೆಕ್ಷನ್, ಬೆಂಟ್, ಬಯಾಸ್. ಗೈಡುಗಳಲ್ಲಿ ಎಲ್ಲದಕ್ಕೂ ‘ಒಲವು, ಪ್ರವೃತ್ತಿ’ ಅಂತಲೇ ಇದೆ. ನಾಲ್ಕು ಆಯ್ಕೆಯಲ್ಲಿ ಎರಡು ಸರಿ ಅನ್ನಿಸಿದಾಗ ಹೇಗೆ ಆರಿಸೋದು?

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಬಳ್ಳಾರಿ

ಒಳ್ಳೆಯ ಪ್ರಶ್ನೆ, ಸ್ವಲ್ಪ ಉದ್ದ ಉತ್ತರ ಬೇಕು.

ಟೆಂಡೆನ್ಸಿಗೆ ಮನಸ್ಸು ಬೇಡ. ಬೆಲೆ ಏರುವ ಟೆಂಡೆನ್ಸಿ, ಕಬ್ಬಿಣ ತುಕ್ಕು ಹಿಡಿಯುವ ಟೆಂಡೆನ್ಸಿ. ಪದೇ ಪದೇ ಹಾಗಾಗುತ್ತದೆ ಎಂದಷ್ಟೇ ಅದು ಹೇಳುತ್ತದೆ. ಇನ್‌ಕ್ಲಿನೇಶನ್‌ಗೆ ಸಾಮಾನ್ಯವಾಗಿ ಒಬ್ಬ ಮನುಷ್ಯ ಬೇಕು. ಅದು ಮೃದು ಪದ. ವಾಲಿದ್ದಾನೆ, ಆದರೆ ಬಿದ್ದಿಲ್ಲ. ಬೇಕೆಂದರೆ ನೆಟ್ಟಗೆ ನಿಲ್ಲಬಲ್ಲ. ಪ್ರೊಪೆನ್ಸಿಟಿ ಅದಕ್ಕಿಂತ ಗಟ್ಟಿ. ‘ತೂಗು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು, ಮುಂದಕ್ಕೆ ತೂಗಿ ಬಿದ್ದಿರುವ ಸ್ಥಿತಿ. ಸುಳ್ಳು ಹೇಳುವ, ಜಗಳ ತೆಗೆಯುವ ಪ್ರೊಪೆನ್ಸಿಟಿ ಎಂದು ಕೆಟ್ಟದ್ದಕ್ಕೆ ಬಳಸುವುದೇ ಹೆಚ್ಚು. ಆದರೆ ಅರ್ಥಶಾಸ್ತ್ರದವರು ಅದನ್ನು ಬಣ್ಣವಿಲ್ಲದೆ ಬಳಸುತ್ತಾರೆ. ಕೇನ್ಸ್ 1936ರಲ್ಲಿ ಬಳಕೆಗೆ ತಂದ ಪರಿಕಲ್ಪನೆಯನ್ನು ನಮ್ಮ ಪಿಯುಸಿ ಮಕ್ಕಳು ‘ಸೀಮಾಂತ ಅನುಭೋಗ ಪ್ರವೃತ್ತಿ’ ಎಂದು ಓದುತ್ತಾರೆ. ಕೈಗೆ ನೂರು ರೂಪಾಯಿ ಹೆಚ್ಚು ಬಂದರೆ ಅದರಲ್ಲಿ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕ ಅದು. ಅಲ್ಲಿ ಒಳ್ಳೆಯದು ಕೆಟ್ಟದ್ದು ಇಲ್ಲ.

ಪ್ರೊಕ್ಲಿವಿಟಿಯ ಒಳಗೆ ಇಳಿಜಾರು ನೇರವಾಗಿಯೇ ಕೂತಿದೆ. ಲ್ಯಾಟಿನ್ನಿನಲ್ಲಿ ‘ಕ್ಲೀವುಸ್’ ಎಂದರೆ ಗುಡ್ಡದ ಇಳಿಜಾರು. ಕೆಳಕ್ಕೆ ಜಾರುವ ಛಾಯೆ ಇರುವುದರಿಂದ ಒಳ್ಳೆಯ ಗುಣಕ್ಕೆ ಅದನ್ನು ಬಳಸಿದರೆ ಕಿವಿಗೆ ಕಿರಿಕಿರಿ. ಪೆಂಚಂಟ್ ಫ್ರೆಂಚಿನಿಂದ ಬಂದ ಪದ. ಬ್ರಿಟಿಷರು ಅದನ್ನು ಈಗಲೂ ಫ್ರೆಂಚ್ ರೀತಿಯಲ್ಲೇ ಮೂಗಿನಿಂದ ಉಚ್ಚರಿಸುತ್ತಾರೆ. ಅದು ರುಚಿ, ಅಭಿರುಚಿ. ನಮ್ಮ ಕಡೆ ‘ಅವನಿಗೆ ನಾಟಕದ ಹುಚ್ಚು’ ಅನ್ನುತ್ತೇವಲ್ಲ, ಅದಕ್ಕೆ ಹತ್ತಿರ, ಸ್ವಲ್ಪ ನಯವಾಗಿ. ಪ್ರಿಡಿಲೆಕ್ಷನ್ ಎಂದರೆ ಮೊದಲೇ ಇಟ್ಟುಕೊಂಡ ಪ್ರೀತಿ. ನಾಲ್ಕು ಮುಂದಿಡುವ ಮುಂಚೆಯೇ ಒಂದನ್ನು ಆರಿಸಿಬಿಟ್ಟಿರುವುದು.

ಬೆಂಟ್ ನನಗೆ ಬಹಳ ಇಷ್ಟದ ಪದ. ಒಲವು ಮತ್ತು ಕೈಚಳಕ ಎರಡೂ ಕೂಡಿದಾಗ ಅದನ್ನು ಹೆಚ್ಚು ಬಳಸುತ್ತಾರೆ. ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರ ಮನೆತನದಲ್ಲಿ ಮರದ ತುಂಡು ಕೈಗೆ ಸಿಕ್ಕರೆ ಸುಮ್ಮನೆ ಕೂರದ ಹುಡುಗ ಇರುತ್ತಾನೆ ನೋಡಿ, ಅವನದು ಬೆಂಟ್. ಬಯಾಸ್ ಮೊದಲಿಗೆ ಓರೆ ಎಂದಷ್ಟೇ ಅರ್ಥ ಕೊಡುತ್ತಿತ್ತು. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಇಂಗ್ಲಿಷರ ಆಟದಲ್ಲಿ ಚೆಂಡು ನೇರ ಹೋಗದೆ ಡೊಂಕಾಗಿ ಹೋಗಲೆಂದು ಒಂದು ಬದಿ ಭಾರ ಇಡುತ್ತಿದ್ದರು. ಅದಕ್ಕೂ ಬಯಾಸ್ ಎಂದೇ ಹೆಸರು. ಇಂದು ಆ ಪದ ಪೂರ್ವಗ್ರಹದ ಕಡೆಗೆ ಹೋಗಿದೆ.

ಪರೀಕ್ಷೆಯಲ್ಲಿ ಮೊದಲು ವಾಕ್ಯದ ಬಣ್ಣ ನೋಡಿ. ಕೆಟ್ಟ ಚಟದ ಮಾತಿದ್ದರೆ ಪ್ರೊಕ್ಲಿವಿಟಿ ಅಥವಾ ಪ್ರೊಪೆನ್ಸಿಟಿ. ವಸ್ತುವಿನ ಮಾತಿದ್ದರೆ ಟೆಂಡೆನ್ಸಿ. ಇಷ್ಟಪಟ್ಟು ಮಾಡುವುದಾದರೆ ಪೆಂಚಂಟ್. ವಿರುದ್ಧ ಪದ ಕೇಳಿದರೆ ಡಿಸ್‌ಇನ್‌ಕ್ಲಿನೇಶನ್, ಅವರ್ಷನ್. ಇವೆರಡೂ ಒಂದೇ ತೂಕದವಲ್ಲ. ಮೊದಲನೆಯದು ಮನಸ್ಸಿಲ್ಲದಿರುವುದು, ಎರಡನೆಯದು ಕಂಡರಾಗದಿರುವುದು.

ರೈಸ್ ಮಿಲ್ ಮೆಕ್ಯಾನಿಕ್, ಗಂಗಾವತಿ

ಇನ್‌ಕ್ಲಿನೇಶನ್‌ಗೆ ಮನುಷ್ಯ ಬೇಕು ಅಂದ್ರಿ. ಯಂತ್ರದ ಮಾರ್ಗದರ್ಶಿ ಪುಸ್ತಕದಾಗ ಬೆಲ್ಟ್ ಒಂದು ಕಡಿ ಜಾರೋದಕ್ಕೂ ಈ ಪದ ಓದೀನಿ. ತಪ್ಪಾ?

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಬಳ್ಳಾರಿ

ತಪ್ಪಲ್ಲ. ನಿಘಂಟುಗಳು ಆ ಬಳಕೆಯನ್ನೂ ಒಪ್ಪುತ್ತವೆ. ಹಾಗೆ ಬರೆದಾಗ ಯಂತ್ರಕ್ಕೆ ಸ್ವಲ್ಪ ಸ್ವಭಾವ ಕೊಟ್ಟಂತೆ ಆಗುತ್ತದೆ. ನೀವೂ ‘ಈ ಮೋಟಾರು ಹಟ ಮಾಡತೈತಿ’ ಅನ್ನುತ್ತೀರಲ್ಲ, ಹಾಗೆ. ‘ಸಾಮಾನ್ಯವಾಗಿ’ ಎಂದು ನಾನು ಸೇರಿಸಿದ್ದು ಅದಕ್ಕೇ.

ಚಿನ್ನದ ಗಣಿಯಲ್ಲಿ ಕೊರೆತದ ವಿಭಾಗ, ಹಟ್ಟಿ

ನಮಗೆ ಇನ್‌ಕ್ಲಿನೇಶನ್ ಎಂದರೆ ದಿನನಿತ್ಯದ ಅಂಕಿ. ಅದಿರಿನ ಪಟ್ಟಿ ಭೂಮಿಯೊಳಗೆ ಓರೆಯಾಗಿ ಇಳಿಯುವುದರಿಂದ ಅದನ್ನು ಅಡ್ಡಕ್ಕೆ ಸೀಳುವಂತೆ ಕೊರೆಯುವ ರಂಧ್ರವನ್ನೂ ಓರೆಯಾಗಿಯೇ ಹಾಕಬೇಕಾಗುತ್ತದೆ. ವರದಿಯಲ್ಲಿ ದಿಕ್ಕಿಗೆ ಅಜಿಮತ್, ಓರೆಗೆ ಇನ್‌ಕ್ಲಿನೇಶನ್ ಎಂಬ ಎರಡು ಕಾಲಂ ಇರುತ್ತವೆ. ಹೊಸಬರಿಗೆ ಒಂದು ಎಚ್ಚರಿಕೆ: ಖನಿಜ ಹುಡುಕುವವರು ಈ ಕೋನವನ್ನು ಅಡ್ಡ ಸಮತಲದಿಂದ ಅಳೆದು ಕೆಳಮುಖಕ್ಕೆ ಋಣ ಚಿಹ್ನೆ ಹಾಕುತ್ತಾರೆ, ನೆಟ್ಟಗೆ ಕೆಳಕ್ಕೆ ಹೋದ ರಂಧ್ರ ಎಂದರೆ ಋಣ 90. ತೈಲ ಬಾವಿಯವರು ಲಂಬದಿಂದ ಅಳೆಯುತ್ತಾರೆ. ಅವರಿಗೆ ನೆಟ್ಟಗಿನ ಬಾವಿ ಎಂದರೆ ಸೊನ್ನೆ. ಪದ ಒಂದೇ, ಸೊನ್ನೆ ಎಲ್ಲಿಂದ ಎಂದು ಕೇಳದೆ ಅಂಕಿ ನಂಬಬಾರದು.

ಇನ್ನೊಂದು ಮಾತು. ‘ಇನ್‌ಕ್ಲೈನ್’ ಎಂದರೆ ಓರೆ ದಾರಿಯೇ, ಗಣಿಯೊಳಗೆ ಇಳಿಯುವ ದಾರಿ. ಅದರ ಓರೆ ಎಷ್ಟು ಎಂಬುದು ‘ಇನ್‌ಕ್ಲಿನೇಶನ್’. ಇವೆರಡನ್ನು ಅದಲುಬದಲು ಮಾಡಬೇಡಿ.

ವಿಜ್ಞಾನ ಶಿಕ್ಷಕ, ಸಂಡೂರು

ಖಗೋಳದ ಭಾಗ ನಾನು ಹೇಳ್ತೀನಿ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಯ ಸಮತಲಕ್ಕೆ ಸುಮಾರು 5 ಡಿಗ್ರಿ ವಾಲಿದೆ. ಆ ವಾಲಿಕೆಯೇ ಇನ್‌ಕ್ಲಿನೇಶನ್. ಅದು ಇಲ್ಲದಿದ್ದರೆ ಪ್ರತಿ ಅಮಾವಾಸ್ಯೆ ಸೂರ್ಯಗ್ರಹಣ, ಪ್ರತಿ ಹುಣ್ಣಿಮೆ ಚಂದ್ರಗ್ರಹಣ ಆಗುತ್ತಿತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಕ್ಷೆ ಸಮಭಾಜಕಕ್ಕೆ 51.6 ಡಿಗ್ರಿ ವಾಲಿದೆ. ಅದರಿಂದಲೇ ನಮ್ಮ ತಲೆಯ ಮೇಲೂ ಹಾದುಹೋಗುತ್ತದೆ.

ಭೂಮಿಯ ಅಕ್ಷದ ವಿಷಯದಲ್ಲಿ ಮಕ್ಕಳು ಗೊಂದಲ ಪಡುತ್ತಾರೆ. ಒಂದು ಪುಸ್ತಕದಲ್ಲಿ 23.5, ಇನ್ನೊಂದರಲ್ಲಿ 66.5 ಎಂದಿರುತ್ತದೆ. ಎರಡೂ ಸರಿ. ಕಕ್ಷೆಗೆ ಎಳೆದ ಲಂಬದಿಂದ ಅಳೆದರೆ 23.5, ಕಕ್ಷೆಯ ಸಮತಲದಿಂದಲೇ ಅಳೆದರೆ 66.5, ಕೂಡಿದರೆ 90. ಹಟ್ಟಿಯವರು ಹೇಳಿದ ಮಾತೇ ಇಲ್ಲೂ ಬಂತು.

ಕಾಂತಸೂಜಿಯದು ಇನ್ನೂ ಸೊಗಸಾಗಿದೆ. ದಾರದಲ್ಲಿ ತೂಗಿಬಿಟ್ಟ ಸೂಜಿ ಉತ್ತರಕ್ಕೆ ತಿರುಗುವುದರ ಜೊತೆಗೆ ತಲೆ ಬಗ್ಗಿಸುತ್ತದೆ. ಲಂಡನ್ನಿನಲ್ಲಿ ದಿಕ್ಸೂಚಿ ಮಾಡುತ್ತಿದ್ದ ರಾಬರ್ಟ್ ನಾರ್ಮನ್ 1581ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ. ಕಾಂತೀಯ ಧ್ರುವದಲ್ಲಿ ಸೂಜಿ ನೆಟ್ಟಗೆ ನಿಲ್ಲುತ್ತದೆ, ಕಾಂತೀಯ ಸಮಭಾಜಕದಲ್ಲಿ ಅಡ್ಡಕ್ಕೆ ಮಲಗುತ್ತದೆ. ಆ ರೇಖೆ ಕೇರಳದ ತಿರುವನಂತಪುರದ ಬಳಿಯ ‘ತುಂಬಾ’ ಎಂಬ ಊರಿನ ಹತ್ತಿರ ಹಾದುಹೋಗುವುದರಿಂದಲೇ 1963ರಲ್ಲಿ ದೇಶದ ಮೊದಲ ರಾಕೆಟ್ ಉಡಾವಣೆಗೆ ಆ ಜಾಗ ಆರಿಸಿದರು.

ಉರ್ದು ಶಾಲೆಯ ನಿವೃತ್ತ ಶಿಕ್ಷಕರು, ರಾಯಚೂರು

ನಮ್ಮೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಕಚೇರಿ ಭಾಷೆ ಉರ್ದು. ಉರ್ದುವಿನಲ್ಲಿ ಇದಕ್ಕೆ ಎರಡು ಮಾತಿವೆ. ‘ರುಝಾನ್’ ಎಂಬುದು ಅರಬಿಯಿಂದ ಬಂದದ್ದು, ತಕ್ಕಡಿಯ ಒಂದು ತಟ್ಟೆ ಭಾರವಾಗಿ ತೂಗುವುದು ಅದರ ಮೂಲ. ‘ಮೈಲಾನ್’ ಎಂದರೆ ವಾಲುವುದು. ‘ಮಾಯಿಲ್ ಹೋನಾ’ ಎಂದರೆ ಮನಸ್ಸು ಆ ಕಡೆ ಬಾಗುವುದು. ಚುನಾವಣೆ ಎಣಿಕೆ ದಿನ ಟಿವಿಯಲ್ಲಿ ‘ರುಝಾನ್’ ಎಂದು ತೋರಿಸುವುದು ಮುನ್ನಡೆಯ ಒಲವನ್ನೇ. ಎಲ್ಲ ಭಾಷೆಯವರೂ ಮನಸ್ಸಿನ ಮಾತು ಹೇಳಲು ವಾಲುವುದನ್ನೇ ಹಿಡಿದಿದ್ದಾರೆ ಎಂಬುದು ನನಗೆ ಸಂತೋಷದ ವಿಷಯ.

ತತ್ತ್ವಶಾಸ್ತ್ರ ಓದುತ್ತಿರುವವಳು, ಬಳ್ಳಾರಿ

ಪ್ರವೃತ್ತಿ ಅಂತ ಬರೆಯಿರಿ ಅನ್ನುವವರಿಗೆ ಒಂದು ಮಾತು. ನಮ್ಮ ದರ್ಶನಗಳಲ್ಲಿ ಪ್ರವೃತ್ತಿಗೆ ನಿವೃತ್ತಿ ಎಂಬ ಜೋಡಿ ಇದೆ. ಲೋಕದ ಕಡೆಗೆ ಹೊರಳುವುದು ಪ್ರವೃತ್ತಿ, ಅಲ್ಲಿಂದ ಹಿಂದಿರುಗುವುದು ನಿವೃತ್ತಿ. ಅದರೊಳಗೆ ಕ್ರಿಯೆ ಇದೆ, ಹೆಜ್ಜೆ ಆಗಲೇ ಬಿದ್ದಿದೆ. ಇನ್‌ಕ್ಲಿನೇಶನ್‌ನಲ್ಲಿ ಹೆಜ್ಜೆ ಇನ್ನೂ ಬಿದ್ದಿಲ್ಲ.

ಯುರೋಪಿನಲ್ಲಿ ಈ ಪದದ ಮೇಲೆ ದೊಡ್ಡ ಭಾರ ಹಾಕಿದವನು ಜರ್ಮನ್ ತತ್ತ್ವಜ್ಞಾನಿ ಕಾಂಟ್. 1785ರ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಕರ್ತವ್ಯವನ್ನೂ ಇನ್‌ಕ್ಲಿನೇಶನ್ನನ್ನೂ ಎದುರುಬದುರು ನಿಲ್ಲಿಸುತ್ತಾನೆ. ಅಂಗಡಿಯವನು ಮಗುವಿಗೂ ದೊಡ್ಡವರಿಗೂ ಒಂದೇ ಬೆಲೆ ಹೇಳುತ್ತಾನೆ. ವ್ಯಾಪಾರ ಕೆಡಬಾರದು ಎಂದು ಹಾಗೆ ಮಾಡಿದರೆ ಅದಕ್ಕೆ ನೈತಿಕ ಬೆಲೆ ಇಲ್ಲ. ಮನಸ್ಸು ಕರಗಿ ಸಹಾಯ ಮಾಡುವವನ ಕೆಲಸವನ್ನೂ ಆತ ಹೊಗಳಬಹುದಾದ್ದು ಎನ್ನುತ್ತಾನೆ, ನೈತಿಕ ಬೆಲೆ ಮಾತ್ರ ಕೊಡುವುದಿಲ್ಲ. ಮನಸ್ಸಿಲ್ಲದಿದ್ದಾಗಲೂ ಕರ್ತವ್ಯ ಎಂದು ಮಾಡಿದರೆ ಮಾತ್ರ ಅದಕ್ಕೆ ಬೆಲೆ ಎಂಬುದು ಅವನ ವಾದ. ನನಗೆ ಇದು ಕಠಿಣ ಅನ್ನಿಸುತ್ತದೆ. ಒಲಿದು ಮಾಡಿದ ಕೆಲಸವನ್ನೇ ಮೇಲು ಎಂದು ಎಣಿಸುವ ಊರಿನಲ್ಲಿ ಬೆಳೆದವಳು ನಾನು.

ಹವ್ಯಾಸಿ ರಂಗಕರ್ಮಿ, ಬಳ್ಳಾರಿ

ಪ್ರವೃತ್ತಿಯನ್ನು ಅಷ್ಟು ಬೇಗ ಬಿಡಬೇಡಿ. ‘ವೃತ್ತಿಯಲ್ಲಿ ವಕೀಲರು, ಪ್ರವೃತ್ತಿಯಲ್ಲಿ ನಟರು’ ಅಂತ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಹೇಳ್ತೀವಿ! ಇಂಗ್ಲಿಷಿನವರು ‘ಬೈ ಪ್ರೊಫೆಷನ್, ಬೈ ಇನ್‌ಕ್ಲಿನೇಶನ್’ ಅನ್ನೋದು ಇದನ್ನೇ. ನಮ್ಮ ಊರಿನಲ್ಲೇ ಇದಕ್ಕೆ ಇಬ್ಬರು ಸಾಕ್ಷಿ. ಧರ್ಮವರಂ ಕೃಷ್ಣಮಾಚಾರ್ಯರು ಇಲ್ಲಿ ವಕೀಲಿಕೆ ಮಾಡುತ್ತಲೇ ತೆಲುಗು ನಾಟಕಕ್ಕೆ ಜೀವ ತುಂಬಿದರು. 1880ರಲ್ಲಿ ಹುಟ್ಟಿದ ಬಳ್ಳಾರಿ ರಾಘವರೂ ವಕೀಲರೇ. 1946ರಲ್ಲಿ ತೀರಿಕೊಂಡರೂ ಇವತ್ತಿಗೂ ಊರು ಅವರನ್ನು ನೆನೆಯುವುದು ವಾದ ಮಂಡಿಸಿದ್ದಕ್ಕಲ್ಲ, ಬಣ್ಣ ಹಚ್ಚಿದ್ದಕ್ಕೆ. ಕಲಾಮಂದಿರಕ್ಕೆ ಅವರ ಹೆಸರೇ ಇದೆ.

ನ್ಯಾಯಾಲಯದ ಭಾಷಾಂತರಕಾರ್ತಿ, ಕೊಪ್ಪಳ

ಆ ಜೋಡಿ ಮಾತು ನಿಜಕ್ಕೂ ಚೆಂದ. ಆದರೆ ‘ವೃತ್ತಿ’ ಪಕ್ಕದಲ್ಲಿ ಇಲ್ಲದೆ ಪ್ರವೃತ್ತಿ ಒಂಟಿಯಾಗಿ ನಿಂತರೆ ಇವತ್ತು ಜನ ಏನು ಓದಿಕೊಳ್ಳುತ್ತಾರೆ? ಅಪರಾಧ ಪ್ರವೃತ್ತಿ, ಹಿಂಸಾ ಪ್ರವೃತ್ತಿ, ಆತ್ಮಹತ್ಯಾ ಪ್ರವೃತ್ತಿ. ಪತ್ರಿಕೆಗಳು ದಿನಾ ಅದನ್ನೇ ಬರೆಯುತ್ತವೆ, ನಮ್ಮ ಕಡತಗಳಲ್ಲೂ ಅದೇ. ಮಗುವಿನ ನಮೂನೆಯ ಮೇಲೆ ‘ಪ್ರವೃತ್ತಿ’ ಎಂಬ ಶೀರ್ಷಿಕೆ ಕಂಡರೆ ತಾಯಿಗೆ ಎದೆ ಧಸಕ್ ಎಂದೀತು.

‘ಒಲವು’ ಒಳ್ಳೆಯ ಪದ, ಅದಕ್ಕೂ ಒಂದು ಅಡ್ಡಿ ಇದೆ. ಒಲವು ಯಾವಾಗಲೂ ಸಿಹಿ. ಇನ್‌ಕ್ಲಿನೇಶನ್ ಇಲ್ಲದಿರುವುದನ್ನೂ ಅಷ್ಟೇ ಸಲೀಸಾಗಿ ಹೇಳಬೇಕಾದಾಗ ಅದು ಕೈಕೊಡುತ್ತದೆ. ‘ನೈದರ್ ದ ಟೈಮ್ ನಾರ್ ದ ಇನ್‌ಕ್ಲಿನೇಶನ್’ ಎಂಬ ಮಾತಿಗೆ ಒಲವು ಹಾಕಿ ನೋಡಿ, ಕೂರುವುದಿಲ್ಲ. ‘ಪುರುಸೊತ್ತೂ ಇಲ್ಲ, ಮನಸ್ಸೂ ಇಲ್ಲ’ ಅಂದರೆ ಮುಗಿಯಿತು. ‘ಹೋಗುವ ಇನ್‌ಕ್ಲಿನೇಶನ್ ತೋರಿಸಲಿಲ್ಲ’ ಎಂಬುದನ್ನು ನಾನು ‘ಏಳೋ ಲಕ್ಷಣ ಕಾಣಲಿಲ್ಲ’ ಎಂದೇ ಅನುವಾದಿಸುತ್ತೇನೆ. ಇಂಗ್ಲಿಷ್ ಇದನ್ನು ನಾಮಪದದಲ್ಲಿ ಗಂಟು ಕಟ್ಟಿಡುತ್ತದೆ. ನಾವು ಕ್ರಿಯಾಪದದಲ್ಲಿ ಬಿಚ್ಚಿ ಹೇಳುತ್ತೇವೆ: ಮನಸ್ಸು ಎಳೆಯುತ್ತದೆ, ಜಗ್ಗುತ್ತದೆ, ವಾಲುತ್ತದೆ, ಅನ್ನಿಸುತ್ತದೆ. ಕಾಲಂ ಶೀರ್ಷಿಕೆ ನಾಮಪದವೇ ಆಗಿರಬೇಕು ಎಂದು ಯಾರು ಹೇಳಿದರು? ಪ್ರಶ್ನೆಯಾಗಿ ಬರೆಯಿರಿ.

ಪ್ರೌಢಶಾಲೆ ಶಿಕ್ಷಕಿ, ಕೊಪ್ಪಳ

ಎಲ್ಲರಿಗೂ ಶರಣು. ಸಹೋದ್ಯೋಗಿಗಳ ಜೊತೆ ಕೂತು ಇದೆಲ್ಲ ಓದಿದೆವು. ‘ಯಾರೂ ಹೇಳದಿದ್ದರೂ ಮಗುವಿನ ಮನಸ್ಸು ಯಾವ ಕೆಲಸದ ಕಡೆ ವಾಲುತ್ತದೆ?’ ಎಂದು ಬರೆದಿದ್ದೇವೆ. ಮೇಸ್ತ್ರಿಗಳ ‘ವಾಟ’ ಹಾಕೋಣ ಅಂತ ನನ್ನ ಆಸೆ ಇತ್ತು. ಯಲಬುರ್ಗಾ ಕಡೆಯ ಪಾಲಕರಿಗೆ ಅದು ಮಾಳಿಗೆಯ ಮಾತಾಗಿಯೇ ಕೇಳುತ್ತದೆ ಅಂತ ಕೈಬಿಟ್ಟೆವು. ಉತ್ತರ ಬರೆಯಲು ಎರಡು ಸಾಲು ಜಾಗ ಕೊಟ್ಟಿದ್ದೇವೆ. ಒಂದು ಪದದ ಉತ್ತರ ಬೇಡ ಎಂದು.

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಬಳ್ಳಾರಿ

ಬಹಳ ಒಳ್ಳೆಯದಾಯಿತು. ಇಂಗ್ಲಿಷಿಗೆ ಕನ್ನಡ ಹುಡುಕುವ ಈ ಕೆಲಸಕ್ಕೂ ನಮ್ಮ ಸೀಮೆಗೂ ಹಳೆಯ ನಂಟು. ಲಂಡನ್ ಮಿಶನ್ನಿನ ಪಾದ್ರಿ ವಿಲಿಯಂ ರೀವ್ ಬಳ್ಳಾರಿಯಲ್ಲಿ ಕೆಲಸ ಮಾಡಿದವನು. ಅವನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದ್ರಾಸಿನಲ್ಲಿ ಅಚ್ಚಾದವು. ಕಿಟ್ಟೆಲರ ದೊಡ್ಡ ನಿಘಂಟು ಬಂದದ್ದು 1894ರಲ್ಲಿ. ಮೇಸ್ತ್ರಿ, ಮೆಕ್ಯಾನಿಕ್, ಗಣಿಯವರು ಆಡುವ ಮಾತುಗಳನ್ನು ಕೇಳಿ ಬರೆದುಕೊಳ್ಳುವವರು ಇವತ್ತೂ ಬೇಕು.

ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವನು, ಸಿಂಧನೂರು

ಕೊನೆಯದಾಗಿ ಒಂದು, ಸರ್. ಇನ್‌ಕ್ಲಿನೇಶನ್ ಆದ ಮೇಲೆ ‘ಟು’ ಬರಬೇಕೋ ‘ಫಾರ್’ ಬರಬೇಕೋ ‘ಟುವರ್ಡ್ಸ್’ ಬರಬೇಕೋ?

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಬಳ್ಳಾರಿ

ಮುಂದೆ ಕ್ರಿಯಾಪದ ಇದ್ದರೆ ‘ಟು’: ಇನ್‌ಕ್ಲಿನೇಶನ್ ಟು ಆರ್ಗ್ಯೂ. ಮುಂದೆ ನಾಮಪದ ಇದ್ದರೆ ‘ಟುವರ್ಡ್ಸ್’ ಅಥವಾ ‘ಫಾರ್’: ಇನ್‌ಕ್ಲಿನೇಶನ್ ಟುವರ್ಡ್ಸ್ ಮ್ಯೂಸಿಕ್. ಕೋನದ ಮಾತಾದರೆ ‘ಆಫ್’ ಹಾಕಿ ಡಿಗ್ರಿ ಬರೆಯಬೇಕು. ಪೆಂಚಂಟ್‌ಗೆ ಸಾಮಾನ್ಯವಾಗಿ ‘ಫಾರ್’, ಅದರ ಮುಂದೆ ‘ಟು’ ಮತ್ತು ಕ್ರಿಯಾಪದ ಹಾಕಿದರೆ ಅಂಕ ಹೋಗುತ್ತದೆ. ‘ಇನ್‌ಕ್ಲಿನೇಶನ್ಸ್’ ಎಂದು ಬಹುವಚನದಲ್ಲಿ ಬಂದರೆ ಒಬ್ಬನ ಒಟ್ಟು ಒಲವು–ನಿಲುವು ಎಂದು ತಿಳಿಯಿರಿ. ರಾಜಕೀಯದ ಮಾತಿನಲ್ಲಿ ಅದರ ಬದಲು ‘ಲೀನಿಂಗ್ಸ್’ ಹೆಚ್ಚು ಬಳಕೆಯಲ್ಲಿದೆ.